ಮೂರು ಚೊಂಬು ನೀರು

ನ್ಯೂ ಟೌನ್, ಭದ್ರಾವತಿ
14 ನವೆಂಬರ್ 2024

ಹೂವಮ್ಮನಿಗೆ,

ನಾನು ಕ್ಷೇಮವಾಗಿಲ್ಲ, ಆದ್ದರಿಂದ ನಿನ್ನ ಕ್ಷೇಮವನ್ನೂ ಕೇಳುವುದಿಲ್ಲ. ಎಡಗೈ ಮೊಣಕೈತನಕ ಬೆಂದಿದೆ. ಬರೆಯುವ ಕೈ ಬಲಗೈ, ಅದು ಸರಿಯಾಗಿದೆ.

ಹೋದ ಶುಕ್ರವಾರ, ಎಂಟನೇ ತಾರೀಖು, ಬೆಳಿಗ್ಗೆ ಹತ್ತು ಗಂಟೆಗೆ ನಮ್ಮ ಹಿತ್ತಲಿನ ಶೆಡ್ಡು ಸುಟ್ಟುಹೋಯಿತು. ನಮ್ಮ ಎಂದು ಅಭ್ಯಾಸಬಲದಿಂದ ಬರೆದೆ, ನನ್ನ ಎಂದು ಓದಿಕೋ. ಇಪ್ಪತ್ತೆರಡು ವರ್ಷ ನಾವಿಬ್ಬರೂ ಪಾಲುದಾರರಾಗಿ ಕೂತು ಎಲೆಸುಣ್ಣ ಮಾಡಿ ಡಬ್ಬಿ ತುಂಬಿದ ಶೆಡ್ಡು. ಮೂರು ಮೂಟೆ ಸುಟ್ಟ ಸುಣ್ಣ, ಖಾಲಿ ಡಬ್ಬಿಗಳು, ರಟ್ಟಿನ ಪೆಟ್ಟಿಗೆಗಳು, ನೀನು ಬಿಟ್ಟುಹೋದ ಹಳೇ ಛತ್ರಿ, ಎಲ್ಲ ಹೋಯಿತು. ಬಾಗಿಲು ಉರಿದು ಬಿದ್ದಾಗ ಬಕೆಟ್ಟಿನಲ್ಲಿ ನೀರು ಎರಚಿದೆ. ಸುಣ್ಣ ಬುಸ್ಸೆಂದು ಮುಖಕ್ಕೇ ಸಿಡಿಯಿತು. ಕೈ ಅಡ್ಡ ಹಿಡಿದದ್ದರಿಂದ ಕಣ್ಣು ಉಳಿದವು.

ಶೆಡ್ಡಿಗೆ ಕರೆಂಟಿಲ್ಲ, ಒಲೆಯಿಲ್ಲ. ಅಲ್ಲಿದ್ದ ದೇವರ ಪಟಕ್ಕೆ ದೀಪ ಹಚ್ಚುವುದನ್ನೂ ನೀನು ಹೋದ ಮೇಲೆ ನಿಲ್ಲಿಸಿದ್ದೆ. ಬೀಗ ಹಾಕಿದ ಹಾಗೇ ಇತ್ತು. ಇನ್ನೊಂದು ಬೀಗದಕೈ ಯಾರ ಹತ್ತಿರ ಇದೆ ಎಂದು ನಿನಗೆ ನಾನು ಹೇಳಬೇಕಾಗಿಲ್ಲ.

ಪಕ್ಕದ ಮನೆ ಪುಷ್ಪಾ ಶುಕ್ರವಾರ ಬೆಳಿಗ್ಗೆ ಹಾಲು ತರುವಾಗ ಹೇಳಿದಳು: “ನಿನ್ನೆ ಸಂಜೆ ನೀವು ಭಜನೆಗೆ ಹೋಗಿದ್ರಲ್ಲ, ಆವಾಗ ರಕ್ಷಾ ಬಂದಿದ್ಲು ಕಣ್ರೀ. ಲಗೇಜ್ ಆಟೋ ತಂದಿದ್ಲು. ಕಾಲು ಗಂಟೆ ಶೆಡ್ ಒಳಗಿದ್ಲು. ನನ್ನ ನೋಡಿ ನಕ್ಕಳು, ಮಾತಾಡ್ಲಿಲ್ಲ.” ನಿನ್ನ ಮಗಳು ನನ್ನ ಮನೆಯಲ್ಲಿ ಉಪ್ಪಿಟ್ಟು ತಿಂದು ಶಾಲೆಗೆ ಹೋಗಿ ದೊಡ್ಡವಳಾದವಳು. ನನಗೆ ಮುಖ ತೋರಿಸದೆ ಬಂದು ಹೋಗುತ್ತಾಳೆ, ಮಾರನೆಯ ದಿನ ಬೆಂಕಿ ಬೀಳುತ್ತದೆ. ಅವಳು ಓದಿದ್ದು ರಸಾಯನಶಾಸ್ತ್ರ. ಯಾವುದಕ್ಕೆ ಯಾವುದನ್ನು ಬೆರೆಸಿದರೆ ಎಷ್ಟು ಹೊತ್ತಿಗೆ ಹೊತ್ತಿಕೊಳ್ಳುತ್ತದೆ ಎಂದು ಬಲ್ಲವರು ಈ ಬೀದಿಯಲ್ಲಿ ಬೇರೆ ಯಾರೂ ಇಲ್ಲ. ಬಾಗಿಲ ಬಳಿ ಬಿಟ್ಟುಹೋದದ್ದನ್ನೂ ನಾನು ನೋಡಿದ್ದೇನೆ. ಅದು ಏನೆಂದು ಕಾಗದದಲ್ಲಿ ಬರೆಯುವುದಿಲ್ಲ.

ಠಾಣೆಗೆ ದೂರು ಕೊಟ್ಟಿದ್ದೇನೆ. ಅನುಮಾನ ಯಾರ ಮೇಲೆ ಎಂದರು, ರಕ್ಷಾ ಹೆಸರು ಬರೆಸಿದ್ದೇನೆ. ನಿನ್ನ ನಂಬರ್ ಬ್ಲಾಕ್ ಮಾಡಿದ್ದೇನೆ, ಏಕೆಂದರೆ ಫೋನಿನಲ್ಲಿ ಆಡಿದ್ದನ್ನು ನಾಳೆ ಆಡಲೇ ಇಲ್ಲ ಎನ್ನಬಹುದು. ಹೇಳುವುದಿದ್ದರೆ ಬರೆದು ಕಳಿಸು. ಒಂದೊಂದು ಕಾಗದವನ್ನೂ ಬಿಸ್ಕತ್ತಿನ ಡಬ್ಬಿಯಲ್ಲಿ ಎತ್ತಿಟ್ಟು ಬೇಕಾದಾಗ ಠಾಣೆಗೆ ಕೊಡುತ್ತೇನೆ.

ಇಂತಿ,
ವಿಮಲಮ್ಮ


ವಿದ್ಯಾನಗರ, ಶಿವಮೊಗ್ಗ
20 ನವೆಂಬರ್ 2024

ಶ್ರೀಮತಿ ವಿಮಲಮ್ಮನವರಿಗೆ,

ಇನ್ನು ಮೇಲೆ ನಿಮ್ಮನ್ನು ಹೀಗೇ ಕರೆಯುವುದು ಎಂದು ನಿರ್ಧರಿಸಿದ್ದೇನೆ. ಠಾಣೆಯವರು ಓದುವ ಕಾಗದವಲ್ಲವೇ.

ರಕ್ಷಾ ಬಂದದ್ದು ನಿಜ. ನಾನೇ ಕಳಿಸಿದ್ದೆ. ಸುಣ್ಣದ ಮೂಟೆ ಇಡಲು ಇಟ್ಟಿಗೆಯ ಮೇಲೆ ಹಾಸಿದ್ದ ಎರಡು ಹಲಸಿನ ಹಲಗೆಗಳು ನನ್ನವು, ನನ್ನ ತವರಿನಿಂದ ಬಂದವು. ಅವನ್ನು ತರಲು ಹೇಳಿದ್ದೆ. ನಿಮ್ಮ ಬಾಯಿಗೆ ಸಿಕ್ಕುವುದು ಬೇಡ, ಭಜನೆಯ ಹೊತ್ತಿಗೆ ಹೋಗಿ ಬಾ ಎಂದದ್ದೂ ನಾನೇ. ಅವಳು ಮತ್ತು ಆಟೋ ಉಜ್ಜನಪ್ಪ ಸೇರಿ ಮೂಟೆಗಳನ್ನು ಕೆಳಗಿಳಿಸಿದರು, ಹಲಗೆ ತೆಗೆದುಕೊಂಡರು, ಬೀಗ ಹಾಕಿ ಬಂದರು. ಬೆಂಕಿ ಹಚ್ಚಲು ಬಂದವಳು ಎಲ್ಲರಿಗೂ ಕಾಣುವ ಹಾಗೆ ಆಟೋ ತಂದು, ನಲ್ಲಿಯ ಬಳಿ ನಿಂತ ಪುಷ್ಪಾಗೆ ಹಲ್ಲು ಬಿಟ್ಟು ಹೋಗುತ್ತಾಳೆಯೇ?

ಈಗ ನನ್ನ ಅನುಮಾನವನ್ನೂ ಬರೆದುಕೊಳ್ಳಿ. ರಕ್ಷಾ ಹೆಸರು ಸರ್ಕಾರಿ ಹೈಸ್ಕೂಲ್ ಟೀಚರ್ ಪಟ್ಟಿಯಲ್ಲಿ ಬಂದಿದೆ ಎಂದು ದಸರಾ ಹೊತ್ತಿಗೆ ನಿನಗೆ ಫೋನು ಮಾಡಿದ್ದೆ. ಪೊಲೀಸ್ ವೆರಿಫಿಕೇಶನ್ ಒಂದು ಬಾಕಿ ಎಂದೂ ಹೇಳಿದ್ದೆ. ನೀನು “ಒಳ್ಳೇದಾಗ್ಲಿ” ಎಂದು ಫೋನಿಟ್ಟೆ. ತಿಂಗಳೊಳಗೆ ಶೆಡ್ಡು ಸುಡುತ್ತದೆ, ಠಾಣೆಯಲ್ಲಿ ಅವಳ ಹೆಸರೇ ಬೀಳುತ್ತದೆ. ಮೂರು ವರ್ಷ ಟ್ಯೂಷನ್ ಹೇಳಿಕೊಂಡು ಓದಿದ ಹುಡುಗಿ. ಒಬ್ಬರ ಹೊಟ್ಟೆಕಿಚ್ಚಿಗೆ ಅವಳ ಕೆಲಸ ಹೋದರೆ ನಾನು ಸುಮ್ಮನಿರುವವಳಲ್ಲ. ನಿನ್ನ ಶೆಡ್ಡಿಗೆ ನೀನೇ ಕಡ್ಡಿ ಗೀರಿದ್ದೀಯ ಎಂದು ಯಾರಾದರೂ ಹೇಳಿದರೆ ನನಗೇನೂ ಆಶ್ಚರ್ಯವಾಗುವುದಿಲ್ಲ.

ಕೈಗೆ ಏನು ಹಚ್ಚುತ್ತಿದ್ದೀಯ? ಟೂತ್‌ಪೇಸ್ಟ್ ಹಚ್ಚಬೇಡ.

ಹೂವಮ್ಮ


ಭದ್ರಾವತಿ
2 ಡಿಸೆಂಬರ್ 2024

ಹೂವಮ್ಮ,

ನನ್ನ ಕೈ ವಿಚಾರ ಬೇಡ. ಡಾಕ್ಟರ್ ಇದ್ದಾರೆ.

ಹಲಗೆಯಂತೆ. ನೀನು ಪಾಲು ಮುರಿದು ಈ ಮನೆ ಬಿಟ್ಟು ಎಂಟು ತಿಂಗಳಾಯಿತು. ಗ್ರೈಂಡರ್, ತಕ್ಕಡಿ, ಹಿತ್ತಾಳೆ ಕೊಳಗ, ಒಂದೊಂದನ್ನೂ ಬೆರಳು ಮಡಚಿ ಲೆಕ್ಕ ಹಾಕಿ ತೆಗೆದುಕೊಂಡು ಹೋದೆ. ಆವತ್ತು ಬೇಡವಾದ ಹಲಗೆ ಈಗ ಯಾಕೆ ಬೇಕಾಯಿತು? ನಿನ್ನ ಟೈಲ್ಸ್ ಹಾಕಿದ ಮನೆಯಲ್ಲಿ ಸುಣ್ಣ ಹತ್ತಿದ ಹಲಗೆಯ ಮೇಲೆ ಏನು ಇಡುತ್ತೀಯ, ಸೋಫಾ ಸೆಟ್ಟೇ? ವಿದ್ಯಾನಗರದ ಅಂಗಡಿಯಲ್ಲಿ ಹೊಸ ಎಲೆಸುಣ್ಣದ ಡಬ್ಬಿ ಬಂದಿದೆಯಂತೆ. ಅದರಲ್ಲೂ ಎಳನೀರಿನ ಪರಿಮಳವಂತೆ. ಸುಣ್ಣಕ್ಕೆ ಕೊನೆಯಲ್ಲಿ ಎಳನೀರು ಬೆರೆಸುವುದು ಈ ಜಿಲ್ಲೆಯಲ್ಲಿ ಇಬ್ಬರಿಗೇ ಗೊತ್ತಿತ್ತು.

ಠಾಣೆಯ ರೈಟರ್ ಹುಲಿಯಪ್ಪ ಕೇಳಿದರು: “ಸುಣ್ಣ ಹತ್ಕೊಂಡು ಉರಿಯುತ್ತಾ ಅಮ್ಮಾ?” ಸುಣ್ಣ ತಾನಾಗಿ ಉರಿಯುವುದಿಲ್ಲ ಸಾರ್, ಯಾರೋ ಏನೋ ಇಟ್ಟು ಹೋಗಿದ್ದಾರೆ ಎಂದೆ. ನಮ್ಮ ಯಜಮಾನರು ಕಾರ್ಖಾನೆಯಲ್ಲಿ ಮೂವತ್ತು ವರ್ಷ ಕುಲುಮೆಯ ಮುಂದೆ ನಿಂತವರು. ಬೆಂಕಿ ಎಲ್ಲೇ ಕಂಡರೂ ಮೊದಲು ಅದರ ಕಾರಣ ಹುಡುಕು ಎನ್ನುತ್ತಿದ್ದರು. ನಾನು ಹುಡುಕಿದ್ದೇನೆ, ನನಗೆ ಸಿಕ್ಕಿದ್ದು ನಿನ್ನ ಮಗಳು.

ವಿಮಲಮ್ಮ


ವಿದ್ಯಾನಗರ, ಶಿವಮೊಗ್ಗ
18 ಡಿಸೆಂಬರ್ 2024

ಪ್ರೀತಿಯ ದೊಡ್ಡಮ್ಮ,

ಅಮ್ಮನಿಗೆ ಹೇಳದೆ ಬರೆಯುತ್ತಿದ್ದೇನೆ. ಎರಡು ಸಲ ಮನೆಗೆ ಬಂದೆ. ಒಳಗೆ ರೇಡಿಯೋ ಕೇಳುತ್ತಿತ್ತು, ನೀವು ಬಾಗಿಲು ತೆಗೆಯಲಿಲ್ಲ. ನನ್ನ ವೆರಿಫಿಕೇಶನ್ ಕಾಗದ ಜನವರಿ ಕೊನೆಗೆ ಠಾಣೆಗೆ ಹೋಗುತ್ತದೆ. ದೂರಿನಲ್ಲಿ ಹೆಸರಿದ್ದರೆ ನೇಮಕದ ಆದೇಶ ತಡೆಯುತ್ತಾರೆ. ಅದಕ್ಕಾಗಿ ಬೇಡಿಕೊಳ್ಳಲು ಈ ಕಾಗದ ಬರೆದಿಲ್ಲ. ಬೆಂಕಿ ಹೇಗೆ ಹತ್ತಿತು ಎಂದು ನನಗೂ ತಿಳಿಯಬೇಕಿತ್ತು.

ನಾನು ಟ್ಯೂಷನ್ನಿನಲ್ಲಿ ವರ್ಷವೂ ಹೇಳಿಕೊಡುವ ಹತ್ತನೇ ತರಗತಿಯ ಮೊದಲ ಪಾಠದಲ್ಲೇ ಇದಿದೆ. ಸುಣ್ಣದ ಕಲ್ಲನ್ನು ಗೂಡಿನಲ್ಲಿ ಸುಡುವಾಗ ಅದು ಬಿಸಿಯನ್ನು ಒಳಕ್ಕೆ ಎಳೆದುಕೊಂಡು ಸುಟ್ಟ ಸುಣ್ಣವಾಗುತ್ತದೆ. ಇದಕ್ಕೆ ಅಂತರುಷ್ಣಕ ಕ್ರಿಯೆ ಎನ್ನುತ್ತೇವೆ. ಹಾಗೆ ಎಳೆದುಕೊಂಡದ್ದರಲ್ಲಿ ಒಂದು ಪಾಲು ಅದರಲ್ಲೇ ಅಡಗಿ ಕೂತಿರುತ್ತದೆ, ಮುಟ್ಟಿದರೆ ತಣ್ಣಗೇ ಇರುತ್ತದೆ. ನೀರು ತಾಗಿದಾಗ ಸುಣ್ಣ ಅರಳಿ ಆ ಪಾಲನ್ನು ಹೊರಕ್ಕೆ ಬಿಡುತ್ತದೆ. ಇದು ಬಹಿರುಷ್ಣಕ. ನಿಮ್ಮ ತೊಟ್ಟಿಯಲ್ಲಿ ಸುಣ್ಣ ಕೊತಕೊತ ಕುದಿಯುವುದನ್ನು ನೋಡಿಕೊಂಡೇ ನಾನು ಬೆಳೆದೆ. ಆದರೆ ಅಲ್ಲಿ ನೀವು ತೊಟ್ಟಿ ತುಂಬ ನೀರಿಟ್ಟು ಅದಕ್ಕೆ ಸುಣ್ಣ ಹಾಕುತ್ತೀರಿ. ಹೊರಬಂದ ಬಿಸಿಯನ್ನು ಅಷ್ಟೂ ನೀರು ಹಂಚಿಕೊಳ್ಳುತ್ತದೆ. ನೀರು ಕಡಿಮೆ ಇದ್ದರೆ ಏನಾಗುತ್ತದೆ ಎಂದು ನಾವು ಯಾರೂ ನೋಡಿರಲಿಲ್ಲ.

ಗಾಂಧಿ ಬಜಾರಿನಿಂದ ಸುಟ್ಟ ಸುಣ್ಣ ತಂದು ಟೆರೇಸಿನಲ್ಲಿ ಮಾಡಿ ನೋಡಿದೆ. ಒಂದು ಕೆಜಿಯನ್ನು ಬಕೆಟ್ ತುಂಬ ನೀರಿಗೆ ಹಾಕಿದೆ. ಸ್ನಾನದ ನೀರಿನಷ್ಟು ಬೆಚ್ಚಗಾಯಿತು, ಅಷ್ಟೇ. ಇನ್ನೊಂದು ಕೆಜಿಯನ್ನು ಗೋಣಿಯಲ್ಲಿ ಸುತ್ತಿ ತಗಡಿನ ಡಬ್ಬದಲ್ಲಿಟ್ಟು ಒಂದೇ ಲೋಟ ನೀರು ಹಾಕಿದೆ. ಥರ್ಮಾಮೀಟರಿನಲ್ಲಿ ನೂರ ಹತ್ತರವರೆಗೆ ಗುರುತಿತ್ತು. ಪಾದರಸ ತುದಿ ಮುಟ್ಟಿತು, ಒಡೆದೀತೆಂದು ತೆಗೆದುಬಿಟ್ಟೆ. ಸ್ವಲ್ಪ ಹೊತ್ತಿಗೆ ಗೋಣಿ ಕಂದುಬಣ್ಣಕ್ಕೆ ತಿರುಗಿ ಹೊಗೆಯಾಡಿತು. ಇಡೀ ಮೂಟೆಯಾದರೆ ಬಿಸಿ ಆಚೆ ಹೋಗಲು ದಾರಿಯೇ ಇರುವುದಿಲ್ಲ. ಪಕ್ಕದಲ್ಲಿ ರಟ್ಟಿನ ಪೆಟ್ಟಿಗೆಗಳೂ ಇದ್ದವು.

ದೊಡ್ಡಮ್ಮ, ಮೂಟೆಗಳನ್ನು ಹಲಗೆಯಿಂದ ಇಳಿಸಿ ಬಾಗಿಲ ಪಕ್ಕದ ನೆಲಕ್ಕೆ ಇಟ್ಟವಳು ನಾನು. ಆ ತಪ್ಪು ನನ್ನದು, ಒಪ್ಪುತ್ತೇನೆ. ನನಗೆ ತಿಳಿಯಬೇಕಾದ್ದು ಒಂದೇ. ಶುಕ್ರವಾರ ಬೆಳಿಗ್ಗೆ ಬಾಗಿಲ ಕೆಳಗಿನಿಂದ ಸ್ವಲ್ಪ ನೀರು ಒಳಗೆ ಹೋಗಿತ್ತೇ?

ನಿಮ್ಮ,
ರಕ್ಷಾ


ಭದ್ರಾವತಿ
27 ಡಿಸೆಂಬರ್ 2024

ರಕ್ಷಾಗೆ,

ನೀನು ಟೀಚರಮ್ಮ, ನಾನು ಏಳನೇ ಕ್ಲಾಸು. ಆದರೂ ನೀರು ಹಾಕಿದರೆ ಬೆಂಕಿ ಆರುತ್ತದೆ ಎಂಬಷ್ಟು ನನಗೆ ಗೊತ್ತಿದೆ. ಇಪ್ಪತ್ತೆರಡು ವರ್ಷ ಈ ಕೈಯಿಂದ ಸುಣ್ಣ ಅರಳಿಸಿದ್ದೇನೆ. ಬಿಸಿಯಾಗುತ್ತದೆ, ಕುದಿಯುತ್ತದೆ, ಒಂದು ದಿನವೂ ಉರಿದಿಲ್ಲ.

ಶೆಡ್ಡಿನ ಹೊಸ್ತಿಲಿಗೆ ದಿನಾ ನೀರು ಹಾಕುತ್ತಿದ್ದೆ. ಹಾಕಿ ಹೊರಕ್ಕೇ ಗುಡಿಸುತ್ತಿದ್ದೆ. ಒಳಗೆ ಹೋಗಲು ಕಾರಣವೇ ಇಲ್ಲ. ಆ ದಿನವೂ ಅಷ್ಟೇ ಮಾಡಿದ್ದು, ಬೇರೇನೂ ಮಾಡಿಲ್ಲ.

ಗೋಣಿಯಲ್ಲಿ ಸುಣ್ಣ ಸುತ್ತಿ, ಎಷ್ಟು ನೀರಿಗೆ ಎಷ್ಟು ಹೊತ್ತಿನಲ್ಲಿ ಹೊಗೆ ಬರುತ್ತದೆ ಎಂದು ಟೆರೇಸಿನಲ್ಲಿ ಅಭ್ಯಾಸ ಮಾಡಿದ್ದೀಯ. ಅದನ್ನು ನಿನ್ನ ಕೈಯಾರೆ ಬರೆದೂ ಕೊಟ್ಟಿದ್ದೀಯ. ಈ ಅಭ್ಯಾಸ ನವೆಂಬರಿಗೆ ಮುಂಚೆಯೇ ಆಗಿತ್ತೋ ಏನೋ, ಯಾರು ಬಲ್ಲರು. ನಿನ್ನ ಕಾಗದವನ್ನು ಡಬ್ಬಿಯಲ್ಲಿ ಎಲ್ಲಕ್ಕಿಂತ ಮೇಲೆ ಇಟ್ಟಿದ್ದೇನೆ.

ಚಳಿ ಜಾಸ್ತಿಯಿದೆ. ಟೆರೇಸಿನಲ್ಲಿ ಹೊತ್ತುಗೊತ್ತಿಲ್ಲದೆ ನಿಲ್ಲಬೇಡ.

ವಿಮಲಮ್ಮ


ಭದ್ರಾವತಿ
24 ಜನವರಿ 2025

ಹೂವೀ,

ಹೀಗೆ ಕರೆಯುವ ಹಕ್ಕು ಇನ್ನೂ ಇದೆಯೋ ಇಲ್ಲವೋ, ಓದಿದ ಮೇಲೆ ನೀನೇ ತೀರ್ಮಾನ ಮಾಡು. ರಕ್ಷಾಗೂ ಓದಿ ಹೇಳು. ಅವಳಿಗೆ ನೇರವಾಗಿ ಬರೆಯಲು ಮುಖವಿಲ್ಲ.

ನಾನು ಸುಳ್ಳು ಬರೆದಿದ್ದೆ. ಆ ಶುಕ್ರವಾರ ಎಲ್ಲ ದಿನದ ಹಾಗಿರಲಿಲ್ಲ. ಬೆಳಿಗ್ಗೆ ಪುಷ್ಪಾ ಮಾತು ಕೇಳಿಕೊಂಡು ಹಿತ್ತಲಿಗೆ ಹೋದರೆ, ಶೆಡ್ಡಿನ ಹೊಸ್ತಿಲ ಮೇಲೆ ಒಂದು ನಿಂಬೆಹಣ್ಣು. ತುಳಿದು ಜಜ್ಜಿಹೋಗಿತ್ತು, ಪಕ್ಕದಲ್ಲಿ ಎರಡು ಹಸಿಮೆಣಸಿನಕಾಯಿ. ನೀನು ಮಾಟ ಮಾಡಿಸಿ ಮಗಳ ಕೈಲಿ ಇಡಿಸಿದ್ದೀಯ ಎಂದು ನನ್ನ ಮನಸ್ಸಿಗೆ ಬಂತು. ಬಂದದ್ದು ಹೋಗಲಿಲ್ಲ. ದಾಟಿ ಒಳಗೆ ಕಾಲಿಡಲು ಹೆದರಿದೆ. ಬಾಗಿಲು ತೆಗೆಯಲೂ ಇಲ್ಲ, ಪೊರಕೆ ಹಿಡಿಯಲೂ ಇಲ್ಲ. ಚೊಂಬಿನಲ್ಲಿ ಅರಿಶಿನದ ನೀರು ಕಲಸಿ, ನಾಲ್ಕು ಹೆಜ್ಜೆ ದೂರ ನಿಂತು, ದೇವರ ಹೆಸರು ಹೇಳಿ ಬಾಗಿಲಿಗೆ ಎರಚಿದೆ. ಒಂದು ಸಾಲದೆಂದು ಮೂರು ಚೊಂಬು ಎರಚಿದೆ. ನಮ್ಮ ಶೆಡ್ಡಿನ ನೆಲ ಒಳಕ್ಕೆ ಇಳಿಜಾರು, ನಿನಗೆ ಗೊತ್ತಲ್ಲ. ದಿನಾ ಗುಡಿಸಿ ಹೊರಗೆ ತಳ್ಳುತ್ತಿದ್ದೆ. ಆವತ್ತು ಹೋದ ನೀರೆಲ್ಲ ಒಳಗೇ ಹೋಯಿತು. ಇದನ್ನು ಪೊಲೀಸರಿಗೆ ಹೇಳಲಿಲ್ಲ. ಅರವತ್ತೆರಡರ ಹೆಂಗಸು ನಿಂಬೆಹಣ್ಣಿಗೆ ಹೆದರಿದಳು ಎಂದು ನಗುತ್ತಾರೆಂದು ನಾಚಿಕೆಯಾಯಿತು.

ರಕ್ಷಾ ಕಾಗದ ಬಂದ ಮೇಲೆ ನಿದ್ದೆ ಸರಿಯಾಗಿ ಬರಲಿಲ್ಲ. ಮೊನ್ನೆ ಮಾರ್ಕೆಟ್ಟಿನಲ್ಲಿ ಉಜ್ಜನಪ್ಪನ ಆಟೋ ಕಂಡಿತು. ಆ ಹುಡುಗಿ ಹೊಸ್ತಿಲಲ್ಲಿ ಏನಿಟ್ಟಳು ಎಂದು ಗದರಿಸಿ ಕೇಳಿದೆ. ಅವನು ತಲೆ ಕೆರೆದುಕೊಂಡ. “ಅಯ್ಯೋ ಅಮ್ಮಾ, ಅವ್ರು ಏನೂ ಇಡ್ಲಿಲ್ಲ. ಶೆಡ್ ಬಾಗ್ಲಿಗೇ ಆಟೋ ಹಿಡ್ದು ಹಲಗೆ ಹತ್ಸೋವಾಗ ತಾಗಿ ನನ್ ಆಟೋಗೆ ಕಟ್ಟಿದ್ ನಿಂಬೆಹಣ್ಣು ಕಿತ್ತೋಯ್ತು. ಎಲ್ ಬಿತ್ತು ಅಂತ ಹುಡುಕ್ದೆ, ಸಿಗ್ಲಿಲ್ಲ. ನಿಮ್ಮನೇಲಿತ್ತಾ?” ಎಂದ. ಈರುಳ್ಳಿ ಮಾರುವವನ ಕಟ್ಟೆಯ ಮೇಲೆ ಕೂತುಬಿಟ್ಟೆ, ಮಾರಾಯ್ತಿ. ಅವನು ಪಾಪ ಟೀ ತರಿಸಿ ಕೊಟ್ಟ.

ಮನೆಗೆ ಬಂದು, ಅಡುಗೆಮನೆಯ ಡಬ್ಬದಲ್ಲಿ ಉಳಿದಿದ್ದ ಸುಟ್ಟ ಸುಣ್ಣ ತೆಗೆದು, ರಕ್ಷಾ ಬರೆದ ಹಾಗೇ ಗೋಣಿ ಸುತ್ತಿ ಒಂದು ಲೋಟ ನೀರು ಹಾಕಿದೆ. ಹೊಗೆ ಬಂತು. ಅವಳ ಮಾತು ಸುಳ್ಳಾಗಲಿ ಎಂದು ನಿಂತಿದ್ದ ನನಗೆ ಅಲ್ಲೇ ಅಳು ಬಂತು.

ನಿನ್ನೆ ಠಾಣೆಗೆ ಹೋದೆ. ದೂರು ವಾಪಸು, ಬೆಂಕಿಗೆ ನಾನೇ ಕಾರಣ, ನೀರು ಹಾಕಿದೆ ಎಂದೆ. ಹುಲಿಯಪ್ಪ ಪೆನ್ನು ಕೆಳಗಿಟ್ಟರು. “ನೀರಾಕಿದ್ರೆ ಬೆಂಕಿ ಬರುತ್ತಾ? ಯಾರಾದ್ರೂ ಹೆದರ್ಸಿದ್ರಾ ನಿಮ್ಮನ್ನ? ಹೇಳಿ, ನಾವಿದೀವಿ.” ನಾನು ಎಷ್ಟು ಹೇಳಿದರೂ ನಂಬಲಿಲ್ಲ, ಇನ್ನೂ ಹೆಚ್ಚು ಅನುಮಾನಪಟ್ಟರು. ಕೊನೆಗೆ ಬ್ಯಾಗಿನಿಂದ ಸುಣ್ಣದ ಡಬ್ಬ ತೆಗೆದು ಠಾಣೆಯ ಅಂಗಳದಲ್ಲೇ ಮಾಡಿ ತೋರಿಸಿದೆ. ಆರು ಜನ ಪೊಲೀಸರು ಸುತ್ತ ನಿಂತು ನೋಡಿದರು. ಹೊಗೆ ಎದ್ದಾಗ ಹುಲಿಯಪ್ಪ ಎರಡು ಹೆಜ್ಜೆ ಹಿಂದೆ ಹೋದರು. ಹೇಳಿಕೆ ಬರೆಸಿಕೊಂಡು ಸಹಿ ಹಾಕಿಸಿಕೊಂಡಿದ್ದಾರೆ. ರಕ್ಷಾ ಹೆಸರು ಎಲ್ಲೂ ಉಳಿಯುವುದಿಲ್ಲ ಎಂದರು. ಪ್ರತಿ ಲಗತ್ತಿಸಿದ್ದೇನೆ.

ಆ ಮಗುವಿನ ಮುಂದೆ ನಾನು ಹೇಗೆ ನಿಲ್ಲಲಿ, ಹೂವೀ? ನೀವಿಬ್ಬರೂ ನನ್ನನ್ನು ಕ್ಷಮಿಸಬೇಕು.

ನಿನ್ನ,
ವಿಮಲಾ


ವಿದ್ಯಾನಗರ, ಶಿವಮೊಗ್ಗ
1 ಫೆಬ್ರವರಿ 2025

ವಿಮಲಾ,

ನಿನ್ನ ಕಾಗದ ಓದಿ ರಕ್ಷಾ ಅತ್ತಳು, ಆಮೇಲೆ ಪೊಲೀಸರ ವಿಷಯಕ್ಕೆ ಬಿದ್ದು ಬಿದ್ದು ನಕ್ಕಳು. ಅವಳ ಮನಸ್ಸಿನಲ್ಲಿ ಏನೂ ಇಲ್ಲ. ಅವಳ ವೆರಿಫಿಕೇಶನ್ ಕಾಗದ ನಿನ್ನೆ ಠಾಣೆಯಿಂದ ಸರಿಯಾಗಿ ಬಂದಿದೆ.

ನನ್ನ ಮನಸ್ಸಿನಲ್ಲಿ ಇದೆ. ಅವಳು ಟ್ಯೂಷನ್ ಹೇಳಲು ಹೋದಾಗ ಬರೆಯುತ್ತಿದ್ದೇನೆ.

ಎಂಟು ತಿಂಗಳ ಮೇಲೆ ಹಲಗೆ ಯಾಕೆ ಬೇಕಾಯಿತು ಎಂದು ನೀನು ಕೇಳಿದ್ದೆ. ನಾನು ಉತ್ತರ ಬರೆಯಲಿಲ್ಲ. ನನಗೆ ಹಲಗೆ ಬೇಕಿರಲಿಲ್ಲ. ಅವು ಈ ಮನೆಯಲ್ಲಿ ಬಾತ್‌ರೂಮಿನ ಹಿಂದೆ ಗೋಡೆಗೆ ಒರಗಿ ನಿಂತಿವೆ, ಇವತ್ತಿಗೂ ಒಂದು ಚೊಂಬು ಸಹ ಅವುಗಳ ಮೇಲೆ ಇಟ್ಟಿಲ್ಲ. ನೀನು ಒಬ್ಬಳೇ ಸುಣ್ಣ ಮಾಡುತ್ತಿದ್ದೀಯ, ನಮ್ಮ ಹಳೇ ಗಿರಾಕಿಗಳೆಲ್ಲ ನಿನ್ನ ಹತ್ತಿರವೇ ಬರುತ್ತಾರೆ, ಹೂವಮ್ಮ ಇಲ್ಲದೆಯೂ ಸುಣ್ಣ ಹಾಗೇ ಇದೆ ಎನ್ನುತ್ತಾರೆ ಎಂದು ಯಾರೋ ಹೇಳಿದರು. ಅದು ನನಗೆ ಸಹಿಸಲಾಗಲಿಲ್ಲ. ಮೂಟೆ ನೆಲಕ್ಕೆ ಇಳಿದರೆ ತಂಡಿ ಹಿಡಿಯುತ್ತದೆ, ಸುಣ್ಣ ತನ್ನಷ್ಟಕ್ಕೆ ಪುಡಿಯಾಗಿ ಎಲೆಗೆ ಬಾರದ ಹಾಗೆ ಕೆಡುತ್ತದೆ, ನಿನ್ನ ಒಂದು ಸಲದ ಮಾಲು ಹಾಳಾಗಲಿ ಎಂದು ಬೇಕೆಂದೇ ಹಲಗೆ ತರಿಸಿದೆ. ಬೆಂಕಿ ಬೀಳಬಹುದೆಂದು ಕನಸಿನಲ್ಲೂ ಅಂದುಕೊಂಡಿರಲಿಲ್ಲ. ಆದರೆ ಕೆಡಲಿ ಎಂದು ಬಯಸಿದ್ದು ನಾನೇ. ನಿನ್ನ ಅನುಮಾನ ಸುಳ್ಳಲ್ಲ, ಹುಡುಕಿದ ಹೆಸರು ಮಾತ್ರ ತಪ್ಪು.

ರಕ್ಷಾಗೆ ಇದು ಗೊತ್ತಿಲ್ಲ. ಮೂಟೆ ಇಳಿಸಿದ ತಪ್ಪು ತನ್ನದೆಂದು ಅವಳು ನಿನಗೆ ಬರೆದಳಂತೆ. ಅದನ್ನು ಕೇಳಿದಾಗಿನಿಂದ ನನಗೆ ಅನ್ನ ಸೇರುತ್ತಿಲ್ಲ. ನಿನ್ನ ಕೈ ಬೆಂದದ್ದಕ್ಕೆ ನಿನ್ನ ಮೂರು ಚೊಂಬಿನಷ್ಟೇ ನನ್ನ ಎರಡು ಹಲಗೆಯೂ ಕಾರಣ. ಎಳನೀರಿನ ಡಬ್ಬಿ ಮಾತ್ರ ನನ್ನದಲ್ಲ, ದೇವರಾಣೆ.

ಹಲಗೆಗಳನ್ನು ಬರುವ ಶನಿವಾರ ಉಜ್ಜನಪ್ಪನ ಆಟೋದಲ್ಲಿ ಕಳಿಸುತ್ತೇನೆ. ಅವನು ಹೊಸ ನಿಂಬೆಹಣ್ಣು ಕಟ್ಟಿದ್ದಾನೆ. ಬಿದ್ದರೆ ನೀರು ಹಾಕಬೇಡ, ಎತ್ತಿ ಆಚೆ ಎಸೆ.

ಇದು ನನ್ನ ಕೈಬರಹ, ಕೆಳಗೆ ನನ್ನ ಸಹಿಯಿದೆ. ನಿನ್ನ ಬಿಸ್ಕತ್ತಿನ ಡಬ್ಬಿಗೆ ಸೇರಿಸಿಕೋ. ಠಾಣೆಗೆ ಕೊಡುವುದಾದರೂ ಕೊಡು, ರಕ್ಷಾಗೆ ತೋರಿಸುವುದಾದರೂ ತೋರಿಸು. ನಾನು ಇಲ್ಲವೆನ್ನುವುದಿಲ್ಲ.

ಹೂವಮ್ಮ


ಭದ್ರಾವತಿ
10 ಫೆಬ್ರವರಿ 2025

ಹೂವೀ,

ಹಲಗೆ ಎರಡೂ ಶನಿವಾರ ತಲುಪಿದವು. ಉಜ್ಜನಪ್ಪನೇ ಇಳಿಸಿ, ಇಟ್ಟಿಗೆ ಜೋಡಿಸಿ, ಮೊದಲಿನ ಹಾಗೇ ಹಾಸಿ ಹೋದ. ಶೆಡ್ಡಿಗೆ ತಗಡು ಹೊದಿಸಿಯಾಗಿದೆ. ಕೈ ವಾಸಿಯಾಗಿದೆ, ಚರ್ಮ ಮಾತ್ರ ಸ್ವಲ್ಪ ಬಿಳಿಚಿದೆ.

ರಕ್ಷಾ ಯಾವ ಊರಿನ ಶಾಲೆಗೆ ಸೇರುತ್ತಾಳೆ, ಯಾವತ್ತು ಎಂದು ತಿಳಿಸು. ನಿನ್ನ ನಂಬರ್ ಬ್ಲಾಕಿನಿಂದ ತೆಗೆಯಲು ಪುಷ್ಪಾಗೆ ಹೇಳಿದ್ದೇನೆ, ನನಗೆ ಬರುವುದಿಲ್ಲ. ಸೇರುವ ಮುಂಚೆ ಒಂದು ದಿನ ಅವಳು ಬಂದು ಉಪ್ಪಿಟ್ಟು ತಿಂದು ಹೋಗಲಿ. ನೀನೂ ಬಾ.

ಒಂದನೇ ತಾರೀಖಿನ ನಿನ್ನ ಕಾಗದ ಮಾತ್ರ ನನಗೆ ತಲುಪಿಲ್ಲ. ಯಾರು ಕೇಳಿದರೂ ಹೀಗೇ ಹೇಳುತ್ತೇನೆ, ನೀನೂ ಹಾಗೇ ಹೇಳು. ಬಿಸ್ಕತ್ತಿನ ಡಬ್ಬಿಯನ್ನು ಖಾಲಿ ಮಾಡಿ ತೊಳೆದು ಒಣಗಿಸಿದ್ದೇನೆ. ಇವತ್ತು ಬಚ್ಚಲೊಲೆಗೆ ಉರಿ ಹತ್ತಿಸಲು ಕಾಗದ ಬೇಕಾದಷ್ಟಿತ್ತು, ನೀರು ಚೆನ್ನಾಗಿ ಕಾದಿತ್ತು.

ವಿಮಲಾ